ಹಿಟ್ಟಿನ ಕೋಳಿ ಮತ್ತು ಕಾಲೇಜಿನ ಪ್ರೇತ

ಅನ್ಯಾಯಕ್ಕೊಳಗಾದವರಿಗೆ ನ್ಯಾಯ ದೊರೆಯಬೇಕೆಂಬುದರಲ್ಲಿ ಯಾವ ಧರ್ಮಕ್ಕೂ ಯಾವ ನೀತಿಶಾಸ್ತ್ರಕ್ಕೂ ಭಿನ್ನಾಭಿಪ್ರಾಯವಿಲ್ಲ. ಆ ನ್ಯಾಯವನ್ನು ಯಾರು ಕೊಡಬೇಕು, ಯಾವ ಮಾರ್ಗದಿಂದ ಕೊಡಬೇಕು, ಎಷ್ಟು ಕೊಡಬೇಕು ಎಂಬಲ್ಲಿ ಮಾತ್ರ ಭೇದ ಹುಟ್ಟುತ್ತದೆ. ಈ ಪ್ರಶ್ನೆಗೆ ಚಲನಚಿತ್ರದ ಪರದೆಯಿಂದ ಅಗ್ಗದ ಉತ್ತರವೊಂದು ಬಹುಕಾಲದಿಂದ ಬರುತ್ತಿದೆ. ಬದುಕಿರುವವರು ನ್ಯಾಯ ಕೊಡುವುದಿಲ್ಲ, ಸತ್ತವರೇ ಪ್ರೇತವಾಗಿ ಬಂದು ಅದನ್ನು ಪಡೆದುಕೊಳ್ಳುತ್ತಾರೆ ಎಂಬುದೇ ಆ ಉತ್ತರ. ಕಾಲೇಜನ್ನು ರಂಗಸ್ಥಳವಾಗಿ ಮಾಡಿಕೊಂಡ ಕಡಿಮೆ ಬಂಡವಾಳದ ದೆವ್ವದ ಚಿತ್ರಗಳು ಈ ಉತ್ತರವನ್ನು ನೇರವಾಗಿ ಎಳೆಯ ಮನಸ್ಸುಗಳಿಗೆ ಒಯ್ಯುತ್ತವೆ. ಆದ್ದರಿಂದ ಅದನ್ನು ಕೇವಲ ಮನರಂಜನೆಯೆಂದು ಬದಿಗೆ ಸರಿಸುವಂತಿಲ್ಲ.

ಈ ಚಿತ್ರಗಳ ಕಥೆ ಬಹುತೇಕ ಒಂದೇ. ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿನಿಯೊಬ್ಬಳು ಪಟ್ಟಣದ ಕಾಲೇಜಿಗೆ ಸೇರುತ್ತಾಳೆ. ಉಳ್ಳವರ ಮಕ್ಕಳ ಗುಂಪೊಂದು ಅವಳನ್ನು ಗೇಲಿ ಮಾಡುತ್ತದೆ, ಅವಮಾನಿಸುತ್ತದೆ, ಕೊನೆಗೆ ಅವಳ ಸಾವಿಗೆ ಕಾರಣವಾಗುತ್ತದೆ. ಕಾಲೇಜಿನ ಹಿರಿಯರು ಸಂಸ್ಥೆಯ ಹೆಸರಿಗೆ ಅಂಜಿ ಸುಮ್ಮನಿರುತ್ತಾರೆ. ಮಧ್ಯಂತರದ ಬಳಿಕ ಹಾಸ್ಟೆಲಿನ ದೀಪಗಳು ತಾವಾಗಿ ಆರುತ್ತವೆ, ಬಾಗಿಲುಗಳು ತಾವಾಗಿ ತೆರೆಯುತ್ತವೆ, ತಪ್ಪಿತಸ್ಥರು ಒಬ್ಬೊಬ್ಬರಾಗಿ ಹೆಣವಾಗುತ್ತಾರೆ. ಒಂದು ಕಟ್ಟಡ, ಹೊಸ ಮುಖದ ಹತ್ತು ನಟರು, ಕತ್ತಲೆ ಮತ್ತು ಕರ್ಕಶ ಶಬ್ದ ಇದ್ದರೆ ಚಿತ್ರ ಸಿದ್ಧ. ಬಂಡವಾಳ ಕಡಿಮೆಯೆಂಬುದು ಇಲ್ಲಿ ದೋಷವಲ್ಲ. ಅಲ್ಪ ಹಣದಲ್ಲಿ ಉತ್ತಮ ಚಿತ್ರಗಳನ್ನು ಮಾಡಿದವರು ಕನ್ನಡದಲ್ಲಿ ಅನೇಕರಿದ್ದಾರೆ. ಆಕ್ಷೇಪವಿರುವುದು ಕಥೆಯ ನೀತಿಯ ಬಗ್ಗೆ. ಚಿತ್ರದ ಮೊದಲರ್ಧದಲ್ಲಿ ಹಿಂಸೆಯನ್ನು ಕಂಡು ಮರುಗಿದ ಪ್ರೇಕ್ಷಕನು ಎರಡನೆಯ ಅರ್ಧದಲ್ಲಿ ಹಿಂಸೆಯನ್ನು ಕಂಡು ಚಪ್ಪಾಳೆ ತಟ್ಟುತ್ತಾನೆ. ಎರಡು ಗಂಟೆಗಳೊಳಗೆ ಅವನ ಕರುಣೆ ಕ್ರೌರ್ಯವಾಗಿ ಮಾರ್ಪಟ್ಟಿರುತ್ತದೆ. ಈ ಪರಿವರ್ತನೆಯೇ ಚಿತ್ರದ ಸರಕು.

ಕನ್ನಡ ಚಿತ್ರರಂಗ ಎಂದಿನಿಂದಲೂ ಹೀಗಿರಲಿಲ್ಲ. 1979ರ 'ನಾ ನಿನ್ನ ಬಿಡಲಾರೆ' ಚಿತ್ರದಲ್ಲಿ ಅನಂತನಾಗ್ ಅವರ ಪಾತ್ರವನ್ನು ಹೆಣ್ಣೊಬ್ಬಳ ಪ್ರೇತ ಕಾಡುತ್ತದೆ. ಆದರೆ ಕಥೆ ಪ್ರೇತದ ಗೆಲುವನ್ನು ಬಯಸುವುದಿಲ್ಲ; ರಾಘವೇಂದ್ರಸ್ವಾಮಿಗಳ ಭಕ್ತಿಯಲ್ಲಿ ಬಿಡುಗಡೆಯನ್ನು ಕಾಣಿಸುತ್ತದೆ. 2004ರ 'ಆಪ್ತಮಿತ್ರ' ಇನ್ನೊಂದು ದಾರಿ ಹಿಡಿಯಿತು. ಹಳೆಯ ಬಂಗಲೆಯ ನಾಗವಲ್ಲಿ ಸತ್ತವಳ ಆತ್ಮವಲ್ಲ, ಬದುಕಿರುವ ಹೆಣ್ಣೊಬ್ಬಳ ಮನೋರೋಗ ಎಂದು ಅಲ್ಲಿ ವೈದ್ಯನು ಗುರುತಿಸುತ್ತಾನೆ. ಒಂದರಲ್ಲಿ ಭಕ್ತಿ, ಇನ್ನೊಂದರಲ್ಲಿ ವೈದ್ಯ. ಎರಡರಲ್ಲಿಯೂ ಸೇಡನ್ನು ಶಮನಗೊಳಿಸಬೇಕಾದ ವ್ಯಾಧಿಯೆಂದೇ ತಿಳಿಯಲಾಗಿತ್ತು. ಅನಂತರ ಬಂದ ಅಗ್ಗದ ಚಿತ್ರಗಳಲ್ಲಿ ಆ ವ್ಯಾಧಿಯನ್ನೇ ಔಷಧವೆಂದು ಮಾರಲಾಗುತ್ತಿದೆ.

ಈ ಜಾತಿಯ ಚಿತ್ರಗಳಲ್ಲಿ ಕಲೆಗಾರಿಕೆಯಿಂದ ಅತ್ಯುತ್ತಮವೆನಿಸಿದ್ದು ಪವನ್ ಕುಮಾರ್ ಅವರು ನಿರ್ದೇಶಿಸಿದ, 2016ರಲ್ಲಿ ತೆರೆಕಂಡ 'ಯೂ ಟರ್ನ್'. ಅದು ಮಲಯಾಳ, ತಮಿಳು, ತೆಲುಗು, ಹಿಂದಿ ಭಾಷೆಗಳಲ್ಲಿಯೂ ಮರುನಿರ್ಮಾಣಗೊಂಡಿತು. ವಾದವನ್ನು ದುರ್ಬಲ ಎದುರಾಳಿಯೊಡನೆ ಮಾಡುವುದು ಸುಲಭ. ಪ್ರಬಲವಾದುದನ್ನೇ ಎತ್ತಿಕೊಳ್ಳುವುದು ನ್ಯಾಯ. ಬೆಂಗಳೂರಿನ ಮೇಲುಸೇತುವೆಯೊಂದರಲ್ಲಿ ರಸ್ತೆಯ ನಡುವಿನ ಕಲ್ಲುಗಳನ್ನು ಸರಿಸಿ, ನಿಯಮ ಮುರಿದು ವಾಹನ ತಿರುಗಿಸಿಕೊಳ್ಳುವವರು ಒಬ್ಬರಾದ ಮೇಲೊಬ್ಬರು ಸಾಯುತ್ತಾರೆ. ಅಲ್ಲಿಯೇ ಹಾಗೆ ಸರಿಸಿದ ಕಲ್ಲಿನಿಂದ ಅಪಘಾತವಾಗಿ ಪ್ರಾಣ ತೆತ್ತ ಮಾಯಾ ಎಂಬವಳ ಪ್ರೇತವೇ ಅವರನ್ನು ಕೊಲ್ಲುತ್ತಿರುತ್ತದೆ. ರಸ್ತೆಯ ನಿಯಮವನ್ನು ಪಾಲಿಸಿರೆಂಬ ಚಿತ್ರದ ಬೋಧೆ ಒಳ್ಳೆಯದೇ. ಆದರೆ ಸತ್ತವರ ಲೆಕ್ಕವನ್ನು ಶಾಂತಚಿತ್ತದಿಂದ ನೋಡಬೇಕು. ಅವರಲ್ಲಿ ಯಾರೊಬ್ಬರೂ ಮಾಯಾಳ ಸಾವಿಗೆ ಕಾರಣರಲ್ಲ. ಅವರು ಮಾಡಿದ್ದು ದಂಡ ತೆರಬೇಕಾದ ತಪ್ಪು, ತೆತ್ತದ್ದು ಪ್ರಾಣ. ಕೊನೆಗೆ ಆ ರಾತ್ರಿ ಕಲ್ಲು ಸರಿಸಿದವನು ಅವಳ ಗಂಡನೇ ಎಂಬುದು ಹೊರಬೀಳುತ್ತದೆ. ಪ್ರೇತವು ಅವನೊಬ್ಬನನ್ನು ಕೊಲ್ಲದೆ, ಪಶ್ಚಾತ್ತಾಪದ ಬೆಂಕಿಯಲ್ಲಿ ಬದುಕಲು ಬಿಡುತ್ತದೆ.

ಈ ಮುಕ್ತಾಯದಲ್ಲಿ ಚಿತ್ರವು ತನ್ನ ವಾದವನ್ನು ತಾನೇ ಖಂಡಿಸಿಕೊಂಡಿದೆ. ನಿಜವಾದ ಅಪರಾಧಿಗೆ ಪಶ್ಚಾತ್ತಾಪವೇ ತಕ್ಕ ಶಿಕ್ಷೆಯೆಂದಾದರೆ, ಅವನಿಗಿಂತ ಕಡಿಮೆ ತಪ್ಪು ಮಾಡಿದವರನ್ನು ಕೊಂದದ್ದೇಕೆ? ಈ ಪ್ರಶ್ನೆಗೆ ಪ್ರೇತದ ಬಳಿ ಉತ್ತರವಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಸೇಡು ವಿಚಾರಣೆ ನಡೆಸುವುದಿಲ್ಲ, ಸಾಕ್ಷ್ಯ ಕೇಳುವುದಿಲ್ಲ, ತಪ್ಪಿನ ತೂಕ ಹಾಕುವುದಿಲ್ಲ. ನ್ಯಾಯಾಧೀಶನು ತಪ್ಪಿದರೆ ಮೇಲಿನ ನ್ಯಾಯಾಲಯವುಂಟು. ಪ್ರೇತವು ತಪ್ಪಿದರೆ ಮೇಲ್ಮನವಿ ಎಲ್ಲಿದೆ? ಇಷ್ಟು ಬುದ್ಧಿವಂತಿಕೆಯಿಂದ ಹೆಣೆದ ಕಥೆಯಲ್ಲಿಯೇ ಈ ಬಿರುಕು ಕಾಣುವುದಾದರೆ, ಅದರ ನೆರಳಿನಲ್ಲಿ ಹುಟ್ಟುವ ಕಾಲೇಜು ದೆವ್ವಗಳ ಮಾತೇನು!

ಇಂತಹ ಚಿತ್ರಗಳ ಪರವಾಗಿ ಮೂರು ಸಮರ್ಥನೆಗಳು ಕೇಳಿಬರುತ್ತವೆ. ಮೂರನ್ನೂ ಪರೀಕ್ಷಿಸುವುದು ಯುಕ್ತ.

ಮೊದಲನೆಯದು, ಇದು ಕೇವಲ ಆಟ, ಇಲ್ಲಿ ನಿಜವಾಗಿ ಯಾರೂ ಸಾಯುವುದಿಲ್ಲ ಎಂಬುದು. ಈ ಮಾತು ಹೊಸದಲ್ಲ. ಎಂಟು ಶತಮಾನಗಳ ಹಿಂದೆಯೇ, 1209ರಲ್ಲಿ ಜನ್ನಕವಿಯು ರಚಿಸಿದ 'ಯಶೋಧರ ಚರಿತೆ'ಯಲ್ಲಿ ಯಶೋಧರನ ತಾಯಿ ಚಂದ್ರಮತಿ ಆಡುವುದು ಇದೇ ಮಾತನ್ನು. ಜೀವಂತ ಕೋಳಿಯನ್ನು ಬಲಿಗೊಡಲೊಲ್ಲದ ಮಗನನ್ನು ಹಿಟ್ಟಿನ ಕೋಳಿಯನ್ನಾದರೂ ಕೊಡುವಂತೆ ಅವಳು ಒಪ್ಪಿಸುತ್ತಾಳೆ. ಹಿಟ್ಟಿಗೆ ಪ್ರಾಣವಿಲ್ಲ, ರಕ್ತವಿಲ್ಲ; ಆದ್ದರಿಂದ ಪಾಪವಿಲ್ಲ ಎಂಬುದು ಅವಳ ತರ್ಕ. ಆ ಹುಂಜದ ಚೆಲುವಿಗೆ ಮರುಳಾಗಿ ಬೆಂತರವೊಂದು ಅದರೊಳಗೆ ಹೊಕ್ಕಿರುತ್ತದೆ. ಕತ್ತಿ ಬಿದ್ದಾಗ ಹಿಟ್ಟು ಕೂಗುತ್ತದೆ. ಅಂದಿನಿಂದ ತಾಯಿಮಕ್ಕಳು ನವಿಲಾಗಿ, ನಾಯಾಗಿ, ಹಾವಾಗಿ, ಮೀನಾಗಿ, ಆಡಾಗಿ, ಕೊನೆಗೆ ಕೋಳಿಗಳೇ ಆಗಿ ಜನ್ಮಜನ್ಮಾಂತರ ತೊಳಲುತ್ತಾರೆ. ಕೊಲೆ ನಡೆದದ್ದು ಹಿಟ್ಟಿನ ಮೇಲಾದರೂ ಕೊಲ್ಲುವ ಸಂಕಲ್ಪ ನಡೆದದ್ದು ಜೀವಂತ ಮನಸ್ಸಿನಲ್ಲಿ. ಪರದೆಯ ಮೇಲಿನ ಹೆಣ ಈ ಕಾಲದ ಹಿಟ್ಟಿನ ಕೋಳಿ. ನಟನು ಎದ್ದು ಮುಖ ತೊಳೆದು ಮನೆಗೆ ಹೋಗುತ್ತಾನೆ, ನಿಜ. ಆದರೆ 'ಇನ್ನೊಬ್ಬ ಉಳಿದಿದ್ದಾನೆ, ಅವನೂ ಸಾಯಲಿ' ಎಂದು ಕುರ್ಚಿಯ ತುದಿಯಲ್ಲಿ ಕುಳಿತು ಹಾರೈಸಿದ ಹದಿನೆಂಟರ ಹುಡುಗನ ಮನಸ್ಸು ಅಷ್ಟು ಸುಲಭವಾಗಿ ತೊಳೆದುಹೋಗುವುದಿಲ್ಲ.

ಹಾಗಾದರೆ 'ಆಪ್ತಮಿತ್ರ'ದಲ್ಲಿ ರಾಜನ ಬದಲಿಗೆ ಬೊಂಬೆಯೊಂದನ್ನು ಒಪ್ಪಿಸಿ ನಾಗವಲ್ಲಿಯ ಸೇಡನ್ನು ತೀರಿಸುವುದಿಲ್ಲವೇ, ಅದೂ ಹಿಟ್ಟಿನ ಕೋಳಿಯಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸಾಧುವಾದುದೇ. ಅಲ್ಲಿ ವೈದ್ಯನ ಸಂಕಲ್ಪ ರೋಗಿಯನ್ನು ಉಳಿಸುವುದು; ಬೊಂಬೆ ನಾಶವಾಗುವುದು ಚಿಕಿತ್ಸೆಯ ಅಂಗವಾಗಿ. ಸಂಕಲ್ಪವೇ ಕರ್ಮದ ಬೀಜವೆಂಬ ತತ್ತ್ವಕ್ಕೆ ಇದು ವಿರೋಧವಲ್ಲ, ಸಮರ್ಥನೆಯೇ. ಸ್ವಾಮಿ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅನರ್ಥದಂಡಗಳನ್ನು ಐದೆಂದು ಎಣಿಸಿದ್ದಾರೆ. ಅವುಗಳಲ್ಲಿ ದ್ವೇಷದಿಂದ ಪರರ ವಧೆ, ಬಂಧನ, ಛೇದನಗಳನ್ನು ಚಿಂತಿಸುವ ಅಪಧ್ಯಾನವೂ, ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯೂ ಸೇರಿವೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವಾದ್ದರಿಂದಲೇ ಅದಕ್ಕೆ ಅನರ್ಥದಂಡವೆಂಬ ಹೆಸರು. ಟಿಕೆಟ್ಟಿನ ಹಣ ಕೊಟ್ಟು ಅದನ್ನು ಕೊಳ್ಳುವುದು ಎರಡು ಬಗೆಯ ನಷ್ಟ.

ಎರಡನೆಯ ಸಮರ್ಥನೆ ಹೆಚ್ಚು ಗಂಭೀರವಾದುದು. ದುರ್ಬಲರಿಗೆ ಲೋಕದಲ್ಲಿ ಸಿಗದ ನ್ಯಾಯ ಪರದೆಯ ಮೇಲಾದರೂ ಸಿಗಲಿ, ಅದರಿಂದ ನೊಂದವರಿಗೆ ಸಾಂತ್ವನವಾಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಸಂಡೂರಿನ ಗಣಿ ಪ್ರದೇಶದ ಊರುಗಳಿಂದಲೋ ಕಂಪ್ಲಿಯ ಗದ್ದೆ ಬಯಲಿನಿಂದಲೋ ಹೊಸಪೇಟೆಗೆ ಓದಲು ಬರುವ ಹುಡುಗಿಯೊಬ್ಬಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ವಾದವನ್ನು ಪರೀಕ್ಷಿಸಬೇಕು. ಅವಳ ಮಾತಿನ ಧಾಟಿಯನ್ನೋ, ಉಡುಪನ್ನೋ, ಬಣ್ಣವನ್ನೋ ಯಾರೋ ಅಣಕಿಸುತ್ತಾರೆ; ಇಲ್ಲವೇ ಅದಕ್ಕಿಂತ ಹೆಚ್ಚಿನದು ನಡೆಯುತ್ತದೆ. ಅವಳಿಗೆ ಈ ಚಿತ್ರಗಳು ಹೇಳುವುದೇನು? ಬದುಕಿರುವಾಗ ನಿನ್ನ ಮಾತಿಗೆ ಬೆಲೆಯಿಲ್ಲ, ಸತ್ತರೆ ನಿನಗೆ ಅಪಾರ ಶಕ್ತಿ ಬರುತ್ತದೆ, ಆಗ ಎಲ್ಲರೂ ನಿನಗೆ ನಡುಗುತ್ತಾರೆ ಎಂದು. ಇದಕ್ಕಿಂತ ಘೋರವಾದ ಸುಳ್ಳು ಮತ್ತೊಂದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 13,044. ಅವರಲ್ಲಿ ಒಬ್ಬರೂ ಹಿಂದಿರುಗಿ ಬಂದು ಯಾರನ್ನೂ ಶಿಕ್ಷಿಸಲಿಲ್ಲ. ಹಿಂದುಳಿದದ್ದು ತಾಯಿತಂದೆಯರ ಕಣ್ಣೀರೊಂದೇ. ಜೀವವು ಶರೀರವನ್ನು ಬಿಟ್ಟ ಕೆಲವೇ ಸಮಯಗಳಲ್ಲಿ ಬೇರೆ ಗತಿಯನ್ನು ಸೇರುತ್ತದೆಯೇ ಹೊರತು ಕಾಲೇಜಿನ ಮೊಗಸಾಲೆಯಲ್ಲಿ ಸೇಡಿಗಾಗಿ ಕಾಯುತ್ತ ಅಲೆಯುವುದಿಲ್ಲ ಎಂದು ಶಾಸ್ತ್ರವೂ ಹೇಳುತ್ತದೆ. ವ್ಯಂತರ ದೇವರುಗಳನ್ನು ಒಪ್ಪುವ ಶಾಸ್ತ್ರವೇ ಅವರನ್ನು ಲೋಕದ ನ್ಯಾಯಾಧೀಶರೆಂದು ಎಲ್ಲಿಯೂ ಒಪ್ಪಿಲ್ಲ.

ಸತ್ತ ಹುಡುಗಿಗೆ ಕೈಮುಗಿದು ಬದುಕಿರುವ ಹುಡುಗಿಯ ದೂರಿಗೆ ಕಿವಿ ಮುಚ್ಚಿಕೊಳ್ಳುವ ಸಮಾಜಕ್ಕೆ ಈ ಚಿತ್ರಗಳು ಬಹಳ ಅನುಕೂಲವಾಗಿವೆ. ಪ್ರೇತವೇ ಎಲ್ಲವನ್ನೂ ಮಾಡುವುದಾದರೆ ಪ್ರಾಚಾರ್ಯರಿಗೆ ಕೆಲಸವಿಲ್ಲ, ವಾರ್ಡನ್ನರಿಗೆ ಹೊಣೆಯಿಲ್ಲ, ಪೋಷಕರಿಗೆ ವಿಚಾರಿಸುವ ತೊಂದರೆಯಿಲ್ಲ. ವಾಸ್ತವದಲ್ಲಿಯಾದರೋ ಬದುಕಿರುವವರಿಗಾಗಿಯೇ ಮಾರ್ಗಗಳು ತೆರೆದಿವೆ. 1983ರ ಕರ್ನಾಟಕ ಶಿಕ್ಷಣ ಕಾಯಿದೆ ರ್‍ಯಾಗಿಂಗನ್ನು ಅಪರಾಧವೆಂದು ಘೋಷಿಸಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ರ್‍ಯಾಗಿಂಗ್ ತಡೆಯ ನಿಯಮಗಳನ್ನು ರೂಪಿಸಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆ 2013ರಲ್ಲಿ ಬಂದಿತು. ಆಯೋಗದ 2015ರ ನಿಯಮಗಳು ವಿದ್ಯಾರ್ಥಿನಿಯರಿಗೂ ಆಂತರಿಕ ಸಮಿತಿಯ ಮುಂದೆ ದೂರು ಕೊಡುವ ಹಕ್ಕನ್ನು ಸ್ಪಷ್ಟಪಡಿಸಿದವು. ಮನಸ್ಸು ಕುಸಿದವರಿಗೆ ಹಗಲಿರುಳೆನ್ನದೆ ಮಾತನಾಡಲು 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಎಂಬ ಸಂಖ್ಯೆಯಿದೆ. ಈ ಸಂಖ್ಯೆಯನ್ನು ತಿಳಿದ ವಿದ್ಯಾರ್ಥಿಗಳೆಷ್ಟು? ದೆವ್ವದ ಚಿತ್ರಗಳ ಹೆಸರನ್ನು ತಿಳಿದವರೆಷ್ಟು?

2009ರಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ತರುಣನೊಬ್ಬ ಪ್ರಾಣ ತೆತ್ತನು. ಅವನ ತಂದೆ ಸೇಡಿನ ಮಾತಾಡಲಿಲ್ಲ. ನ್ಯಾಯಾಲಯದ ಮಾರ್ಗ ಹಿಡಿದು, ಇನ್ನೊಬ್ಬರ ಮಗನಿಗೆ ಹೀಗಾಗದಿರಲೆಂದು ರ್‍ಯಾಗಿಂಗ್ ತಡೆಯ ವ್ಯವಸ್ಥೆಯನ್ನು ಕಟ್ಟುವ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡರು. ಸತ್ತ ಮಗನು ಹಾಗೆ ಬದುಕಿರುವ ಸಾವಿರಾರು ಮಕ್ಕಳ ರಕ್ಷಣೆಗೆ ಕಾರಣನಾದನು. ಈ ತಂದೆಯ ಕಥೆಯಲ್ಲಿ ಕತ್ತಲೆಯಿಲ್ಲ, ಕರ್ಕಶ ಶಬ್ದವಿಲ್ಲ. ಅದಕ್ಕಾಗಿಯೇ ಅದನ್ನು ಚಿತ್ರ ಮಾಡುವವರು ಕಾಣಿಸುವುದಿಲ್ಲ.

ಮೂರನೆಯ ಸಮರ್ಥನೆ, ದೆವ್ವದ ಭಯದಿಂದಲಾದರೂ ದುಷ್ಟರು ಹದ್ದಿನಲ್ಲಿರುತ್ತಾರೆ ಎಂಬುದು. ಅನುಭವ ಇದಕ್ಕೆ ವಿರುದ್ಧವಾಗಿದೆ. ದೆವ್ವದ ಭಯ ದುಷ್ಟನ ತಲೆಯ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ದುಃಖಿಯ ತಲೆಯ ಮೇಲೆ ಬೀಳುತ್ತದೆ. ನಿದ್ರೆಯಿಲ್ಲದೆ, ಊಟ ಬಿಟ್ಟು, ಮಾತು ಕಡಿಮೆ ಮಾಡಿ ಮೂಲೆ ಹಿಡಿದ ಹುಡುಗಿಗೆ ಗಾಳಿ ಸೋಕಿದೆಯೆಂದು ಯಂತ್ರ ತಾಯಿತಗಳನ್ನು ಕಟ್ಟಿಸುವ, ದೆವ್ವ ಬಿಡಿಸುತ್ತೇವೆಂದು ಹೊಡೆಯುವವರ ಬಳಿಗೆ ಒಯ್ಯುವ ರೂಢಿ ಇನ್ನೂ ಅಳಿದಿಲ್ಲ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯಿದೆಯಲ್ಲಿ ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಸೇರಿಸಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ. ಕಾನೂನು ಒಂದು ಕೈಯಿಂದ ಅಳಿಸುತ್ತಿರುವುದನ್ನು ಅಗ್ಗದ ಚಿತ್ರ ಇನ್ನೊಂದು ಕೈಯಿಂದ ಬರೆಯುತ್ತಿದೆ.

ಸೇಡಿನ ಕಥೆಗೆ ಉತ್ತರವಾಗಬಲ್ಲ ಕಥೆಗಳು ಈ ನೆಲದಲ್ಲಿ ಇಲ್ಲದಿದ್ದರೆ ಪರದೆಯನ್ನು ಮಾತ್ರ ದೂಷಿಸುವುದು ಸರಿಯಾಗದು. ಆದರೆ ತುಂಗಭದ್ರೆಯ ಈ ತೀರದಲ್ಲಿ ಅವು ಕಲ್ಲಿನಲ್ಲಿಯೇ ನಿಂತಿವೆ. ಹಂಪಿಯ ಪಾನ್‌ಸುಪಾರಿ ಬೀದಿಯಲ್ಲಿ ಎರಡನೆಯ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯವಿದೆ. ಪಾರ್ಶ್ವನಾಥರ ಪೂರ್ವಭವಗಳ ಕಥೆ ಅತಿಮಾನುಷ ಸೇಡಿನ ಕಥೆಯೇ. ಅಣ್ಣ ಕಮಠನು ತಮ್ಮ ಮರುಭೂತಿಯ ಹೆಂಡತಿಯ ಮೇಲೆ ಕಣ್ಣಿಟ್ಟು ಗಡೀಪಾರಾಗುತ್ತಾನೆ. ತಪ್ಪು ತನ್ನದಲ್ಲದಿದ್ದರೂ ಮರುಭೂತಿಯು ಅಣ್ಣನ ಕ್ಷಮೆ ಕೇಳಲು ಹೋಗುತ್ತಾನೆ. ಕಮಠನು ಅವನ ತಲೆಯ ಮೇಲೆ ಬಂಡೆಯನ್ನು ಎತ್ತಿಹಾಕುತ್ತಾನೆ. ಭವದಿಂದ ಭವಕ್ಕೆ ಒಬ್ಬನ ವೈರ ಬೆಳೆಯುತ್ತದೆ, ಇನ್ನೊಬ್ಬನ ಶಾಂತಿ ಬೆಳೆಯುತ್ತದೆ. ಕೊನೆಗೆ ಆ ವೈರಿಯು ದೇವನಾಗಿ ಧ್ಯಾನಸ್ಥ ಪಾರ್ಶ್ವರ ಮೇಲೆ ಬಿರುಮಳೆ ಸುರಿಸಿದಾಗ ಧರಣೇಂದ್ರನು ಹೆಡೆಯೆತ್ತಿ ನಿಲ್ಲುತ್ತಾನೆ. ಈ ಕಥೆಯ ಕವಿಗಳು ಗೆಲುವನ್ನು ಕೊಟ್ಟದ್ದು ಯಾರಿಗೆ ಎಂಬುದನ್ನು ಗಮನಿಸಬೇಕು. ಸೇಡು ಹಿಡಿದವನು ಹತ್ತು ಭವ ಸೋತನು. ಸೇಡು ಬಿಟ್ಟವನು ತೀರ್ಥಂಕರನಾದನು.

ಇದು ಪುರಾಣವಾಯಿತು, ಲೋಕವ್ಯವಹಾರದಲ್ಲಿ ಏನೆಂದು ಕೇಳುವವರಿಗೆ ವಿಜಯನಗರದ ಇತಿಹಾಸವೇ ಉತ್ತರ ಕೊಡುತ್ತದೆ. ಜೈನರಿಗೂ ವೈಷ್ಣವರಿಗೂ ಕಲಹವೆದ್ದಾಗ ಆನೆಗೊಂದಿ ಮೊದಲಾದ ಕಡೆಗಳ ಜೈನರು ಮೊದಲನೆಯ ಬುಕ್ಕರಾಯನಲ್ಲಿ ಅಹವಾಲು ಸಲ್ಲಿಸಿದರು. 1368ರ ಶಾಸನದ ಪ್ರಕಾರ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಜೈನರ ಕಲಶ ಮತ್ತು ಪಂಚಮಹಾವಾದ್ಯಗಳ ಹಕ್ಕನ್ನು ಉಳಿಸಿಕೊಟ್ಟನು. ಬೆಳಗೊಳದ ತೀರ್ಥದ ಕಾವಲಿನ ಹೊಣೆಯನ್ನು ವೈಷ್ಣವರಿಗೇ ವಹಿಸಲಾಯಿತು. ನೊಂದವರು ದೂರು ಕೊಟ್ಟರು, ಅಧಿಕಾರವುಳ್ಳವನು ಕೇಳಿಸಿಕೊಂಡನು, ನೋಯಿಸಿದ ಪಕ್ಷವೇ ರಕ್ಷಕ ಪಕ್ಷವಾಯಿತು. ನ್ಯಾಯವೆಂದರೆ ಇದು. ಇಂದಿನ ಕಾಲೇಜಿನ ಆಂತರಿಕ ಸಮಿತಿಯಿಂದ ಸಮಾಜ ಬಯಸಬೇಕಾದದ್ದೂ ಇದನ್ನೇ.

ಕಂಪ್ಲಿಯವರಿಗೆ ಕುಮಾರರಾಮನನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ನಂಜುಂಡ ಕವಿಯ 'ರಾಮನಾಥ ಚರಿತೆ' ಹಾಡುವಂತೆ, ಮಲತಾಯಿ ರತ್ನಾಜಿಯ ಸುಳ್ಳು ಆರೋಪಕ್ಕೆ ಸಿಕ್ಕಿ ತಂದೆಯಿಂದಲೇ ಮರಣದಂಡನೆಗೆ ಗುರಿಯಾದವನು ಅವನು. ಮಂತ್ರಿ ಬೈಚಪ್ಪನು ಅವನನ್ನು ಗುಟ್ಟಾಗಿ ಉಳಿಸುತ್ತಾನೆ. ಸತ್ತನೆಂದು ಲೋಕ ನಂಬಿದ ಆ ನಿರಪರಾಧಿ ಹಿಂದಿರುಗಿ ಬರುವುದು ಸೇಡು ತೀರಿಸಿಕೊಳ್ಳಲಲ್ಲ. ದೆಹಲಿಯ ಸೈನ್ಯ ಮುತ್ತಿದಾಗ ತನ್ನನ್ನು ಕೊಲ್ಲಹೇಳಿದ ತಂದೆಯ ನಾಡನ್ನೇ ಕಾಯಲು. ಸತ್ತು ಮರಳಿ ಬಂದವನ ಕಥೆಯನ್ನು ಜನ ಹೀಗೂ ಕಟ್ಟಬಲ್ಲರು, ಶತಮಾನಗಳ ಕಾಲ ಹಾಡಬಲ್ಲರು.

ಆದ್ದರಿಂದ ಕರ್ತವ್ಯ ಸ್ಪಷ್ಟವಾಗಿದೆ. ಈ ಚಿತ್ರಗಳನ್ನು ನಿಷೇಧಿಸಬೇಕೆಂದು ಕೂಗುವುದರಿಂದ ಪ್ರಯೋಜನವಿಲ್ಲ. ಪ್ರಮಾಣಪತ್ರ ಮಂಡಲಿಯ ವಯೋಮಿತಿ ಚಿತ್ರಮಂದಿರದ ಬಾಗಿಲಲ್ಲಿ ನಿಲ್ಲುತ್ತದೆ. ಮೊಬೈಲಿಗೆ ಬಾಗಿಲೇ ಇಲ್ಲ. ನಿಷೇಧದ ಹಟ ಕೂಡ ಒಂದು ಬಗೆಯ ಸೇಡೇ ಆಗಬಹುದು. ಮಾಡಬೇಕಾದದ್ದು ಬೇರೆಯಿದೆ. ಮನೆಯಲ್ಲಿ ಮಕ್ಕಳು ಇಂತಹ ಚಿತ್ರ ನೋಡಿದರೆ ಗದರಿಸುವ ಬದಲು, ಆ ಹುಡುಗಿ ಬದುಕಿದ್ದಾಗ ಯಾರು ಏನು ಮಾಡಬಹುದಿತ್ತೆಂದು ತಾಯಿತಂದೆಯರು ಅವರನ್ನು ಕೇಳಲಿ. ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಪ್ರೇತದ ಮೋಡಿ ಕಳಚುತ್ತದೆ. ಕಾಲೇಜಿನಿಂದ ಬಂದ ಮಗಳು ಏನನ್ನೋ ಹೇಳಲು ಅನುಮಾನಿಸುತ್ತಿದ್ದರೆ, ಮನೆತನದ ಮರ್ಯಾದೆಯ ಮಾತೆತ್ತದೆ ಪೂರ್ತಿ ಕೇಳಿಸಿಕೊಳ್ಳಲಿ. ಮರ್ಯಾದೆಯ ಹೆಸರಿನಲ್ಲಿ ದೂರನ್ನು ಅದುಮುವವರು ಸಿನಿಮಾದ ಮೂಕ ಪ್ರಾಚಾರ್ಯರಿಗಿಂತ ಭಿನ್ನರಲ್ಲ.

ಬಸದಿಯ ವಿಶ್ವಸ್ತ ಮಂಡಲಿಗಳ ಹೊಣೆ ಇನ್ನೂ ದೊಡ್ಡದು. ಪಂಚಕಲ್ಯಾಣಕ್ಕೂ ರಥೋತ್ಸವಕ್ಕೂ ಉದಾರವಾಗಿ ಹಣ ಹರಿಯುತ್ತದೆ, ಅದು ಹರಿಯಲಿ. ಅದರ ಒಂದು ಪಾಲು ಪರಸ್ಥಳದಿಂದ ಬಂದು ಓದುವ ಮಕ್ಕಳ ವಸತಿಗೂ, ಅವರ ಮಾತನ್ನು ಕೇಳಬಲ್ಲ ಆಪ್ತಸಲಹೆಗಾರರಿಗೂ ಸಲ್ಲಬೇಕು. ಜಾತಿ ಮತಗಳನ್ನು ಕೇಳದೆ ಸಲ್ಲಬೇಕು, ಅಭಯದಾನಕ್ಕೆ ಗೋತ್ರವಿಲ್ಲ. ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಉತ್ತಮ ಕ್ಷಮೆಯನ್ನು ವರ್ಣಿಸುವವರು, ಕ್ಷಮೆಯೆಂದರೆ ಅನ್ಯಾಯವನ್ನು ಮುಚ್ಚಿಡುವುದಲ್ಲ ಎಂಬುದನ್ನೂ ತರುಣರಿಗೆ ಬಿಡಿಸಿ ಹೇಳಬೇಕು. ದೂರು ಕೊಡುವುದು ದ್ವೇಷವಲ್ಲ. ತಪ್ಪಿತಸ್ಥನನ್ನು ಕಾನೂನಿನ ಮುಂದೆ ನಿಲ್ಲಿಸುವುದು ಅವನು ಮುಂದೆ ಕಟ್ಟಿಕೊಳ್ಳಲಿರುವ ಪಾಪವನ್ನೂ ತಡೆಯುವ ಉಪಕಾರ. ಕ್ಷಮೆಯ ಹೆಸರಿನಲ್ಲಿ ಮೌನವನ್ನು ಬೋಧಿಸಿದರೆ, ಮಕ್ಕಳು ಕ್ಷಮೆಯನ್ನು ಬಿಟ್ಟು ಪ್ರೇತವನ್ನೇ ನಂಬುತ್ತಾರೆ. ಆಗ ದೋಷ ಅವರದಲ್ಲ.

ಯಶೋಧರನ ಕಥೆಯನ್ನು ಅಭಯರುಚಿ ಹೇಳುವುದು ಮಾರಿಯ ಗುಡಿಯಲ್ಲಿ, ತನ್ನನ್ನೇ ಬಲಿಗೊಡಲು ಕತ್ತಿ ಹಿರಿದು ನಿಂತ ಮಾರಿದತ್ತ ರಾಜನಿಗೆ. ಕಥೆ ಮುಗಿಯುವ ಹೊತ್ತಿಗೆ ಅರಸನ ಕೈಯಿಂದ ಕತ್ತಿ ಜಾರಿರುತ್ತದೆ. ಕಥೆಯೊಂದು ಕೇಳುವವನ ಕೈಗೆ ಕತ್ತಿಯನ್ನು ಕೊಡಲೂಬಲ್ಲದು, ಅವನ ಕೈಯಿಂದ ಕತ್ತಿಯನ್ನು ಬಿಡಿಸಲೂಬಲ್ಲದು. ಮಕ್ಕಳಿಗೆ ಯಾವ ಕಥೆ ತಲುಪಬೇಕೆಂಬುದನ್ನು ಹಿರಿಯರು ನಿರ್ಧರಿಸದಿದ್ದರೆ, ಮಾರುಕಟ್ಟೆ ನಿರ್ಧರಿಸುತ್ತದೆ.